ಜೂನ್ ತಿಂಗಳ ಮತಪತ್ರ

ಜೂನ್ ಮೊದಲ ವಾರ ಸಾಲ್ಟ್ ಲೇಕ್ ಸಿಟಿಯಲ್ಲಿ ಬಿಸಿಲು ಚುರುಗುಟ್ಟುತ್ತದೆ. ತಲೆಯೆತ್ತಿ ನೋಡಿದರೆ ವಾಸಾಚ್ ಬೆಟ್ಟಗಳ ಕೊರಕಲುಗಳಲ್ಲಿ ಚಳಿಗಾಲದ ಹಿಮ ಇನ್ನೂ ಉಳಿದಿರುತ್ತದೆ. ಕಾಟನ್‌ವುಡ್ ಮರಗಳಿಂದ ಹಾರಿಬಂದ ಬಿಳಿ ಅರಳೆ ಕಾರಿನ ಗಾಜಿಗೆ, ಜನರ ತಲೆಗೂದಲಿಗೆ ಅಂಟುತ್ತದೆ. 2024ರ ಜೂನ್ 2, ಭಾನುವಾರ. ನಗರದ ನಡುವೆ ಸಲಿಂಗಿ ಹಾಗೂ ಟ್ರಾನ್ಸ್ (ಲಿಂಗಪರಿವರ್ತಿತ) ಜನರ ಹೆಮ್ಮೆಯ ಪ್ರೈಡ್ ಮೆರವಣಿಗೆ ಹೊರಟಿತ್ತು. ಈ ಊರಿನ ಬೀದಿಗಳಿಗೆ ಹೆಸರಿಗಿಂತ ಅಂಕಿಯೇ ಹೆಚ್ಚು. 200 ಸೌತ್, 400 ಈಸ್ಟ್ ಎಂದು ಎಲ್ಲವನ್ನೂ ಎಣಿಸುವುದು ಮಾರ್ಮನ್ ಚರ್ಚಿನ ದೇವಾಲಯವಿರುವ ಚೌಕದಿಂದ. ಆ ದೇವಾಲಯಕ್ಕೆ ಆಗ ರಿಪೇರಿಯ ಸಾರುವೆ ಕಟ್ಟಿತ್ತು, ಸುತ್ತ ಕ್ರೇನುಗಳು ನಿಂತಿದ್ದವು. ಅಲ್ಲಿಂದ ದಕ್ಷಿಣಕ್ಕೆ ಎಣಿಸುತ್ತ ಹೋದರೆ ಸಿಗುವ 900 ಸೌತ್ ಬೀದಿಗೆ 2016ರಿಂದ ಇನ್ನೊಂದು ಹೆಸರಿದೆ: ಹಾರ್ವೀ ಮಿಲ್ಕ್ ಬುಲೆವಾರ್ಡ್. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತಾನು ಸಲಿಂಗಿ ಎಂದು ಬಹಿರಂಗವಾಗಿ ಹೇಳಿಕೊಂಡೇ ಗೆದ್ದು, 1978ರಲ್ಲಿ ಗುಂಡೇಟಿಗೆ ಬಲಿಯಾದ ಜನಪ್ರತಿನಿಧಿಯ ಹೆಸರು ಅದು. ದೇವಾಲಯದಿಂದ ಎಣಿಸಿಕೊಂಡು ಬಂದ ಅಂಕಿಯ ಪಕ್ಕದಲ್ಲೇ ಆತನ ಹೆಸರಿನ ಫಲಕವೂ ಇದೆ. ಈ ಊರು ಹೀಗೆಯೇ.

ಮೆರವಣಿಗೆಯಲ್ಲಿ ಶಾಲೆಯ ಬ್ಯಾಂಡುಗಳಿದ್ದವು, ಕಂಪನಿಗಳ ಬ್ಯಾನರುಗಳಿದ್ದವು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡ ಅಪ್ಪಂದಿರಿದ್ದರು. ಭಾನುವಾರದ ಚರ್ಚಿನ ಉಡುಪಿನಲ್ಲೇ ಬಂದ ಕೆಲವು ಹಿರಿಯರಿಗೆ ರಸ್ತೆಬದಿಯ ಜನ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದರು. 2012ರಲ್ಲಿ ಮೊದಲ ಸಲ ಮುನ್ನೂರಕ್ಕೂ ಹೆಚ್ಚು ಮಾರ್ಮನ್ನರು ಇದೇ ಮೆರವಣಿಗೆಯಲ್ಲಿ ನಡೆದಾಗ ರಸ್ತೆಬದಿಯಲ್ಲಿ ನಿಂತವರು ಅತ್ತಿದ್ದರಂತೆ. ಇದನ್ನು ನನಗೆ ಹೇಳಿದವರು ಆ ದಿನ ಅತ್ತವರಲ್ಲಿ ಒಬ್ಬರು.

ಮೆರವಣಿಗೆ ಮುಗಿದ ವಾರದಲ್ಲೇ ಮನೆಮನೆಯ ಅಂಚೆಪೆಟ್ಟಿಗೆಗೆ ಮತಪತ್ರ ಬಂದು ಬಿತ್ತು. ಯೂಟಾದಲ್ಲಿ ಬಹುತೇಕ ಮತದಾನ ಅಂಚೆಯಲ್ಲೇ ನಡೆಯುತ್ತದೆ. ಜೂನ್ 25ಕ್ಕೆ ಪ್ರೈಮರಿ. ಹೆಮ್ಮೆಯ ತಿಂಗಳೂ ಪ್ರೈಮರಿಯ ತಿಂಗಳೂ ಇಲ್ಲಿ ಒಂದೇ. ಒಂದು ವಾರ ಕಾಮನಬಿಲ್ಲಿನ ಬಾವುಟ ಹಿಡಿದವರು ಮರುವಾರ ಊಟದ ಮೇಜಿನ ಮೇಲೆ ಆ ಹಾಳೆ ಹರಡಿಕೊಂಡು ಕೂರುತ್ತಾರೆ. ಅದರಲ್ಲಿ ತಮ್ಮವರು ಅನ್ನಿಸುವ ಹೆಸರು ಒಂದೂ ಇರುವುದಿಲ್ಲ.

ಪ್ರೈಮರಿ ಎಂದರೇನೆಂದು ಕರ್ನಾಟಕದ ಓದುಗರಿಗೆ ಹೇಳಲು ಟಿಕೆಟ್ ಹಂಚಿಕೆಯ ದಿನಗಳನ್ನು ನೆನಪಿಸಿದರೆ ಸಾಕು. ನಮ್ಮಲ್ಲಿ ಬಿ ಫಾರಂ ಯಾರ ಕೈಗೆ ಎಂಬುದು ಹೈಕಮಾಂಡಿನಲ್ಲಿ ತೀರ್ಮಾನವಾಗುತ್ತದೆ. ಬೆಂಬಲಿಗರು ಪಕ್ಷದ ಕಚೇರಿಯ ಮುಂದೆ ಕೂಗಾಡಿ ಸುಮ್ಮನಾಗಬೇಕು. ಅಮೆರಿಕದಲ್ಲಿ ಆ ಟಿಕೆಟನ್ನು ಕೊಡುವವರು ಮತದಾರರೇ. ಯೂಟಾದಲ್ಲಿ ರಿಪಬ್ಲಿಕನ್ ಟಿಕೆಟ್ ಯಾರಿಗೆಂದು ಹೇಳಬೇಕಾದರೆ ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರಿನ ಮುಂದೆ ರಿಪಬ್ಲಿಕನ್ ಎಂದು ನಮೂದಾಗಿರಬೇಕು. ರಾಜ್ಯದ ಕೊನೆಯ ಡೆಮಾಕ್ರಟಿಕ್ ಗವರ್ನರ್ ಸ್ಕಾಟ್ ಮ್ಯಾಥಿಸನ್ ಗೆದ್ದದ್ದು 1980ರಲ್ಲಿ. ಅಂದಿನಿಂದ ರಿಪಬ್ಲಿಕನ್ ಟಿಕೆಟ್ ಸಿಕ್ಕವರಿಗೇ ಕುರ್ಚಿ. ನವೆಂಬರಿನ ಚುನಾವಣೆ ಇಲ್ಲಿ ಬರೀ ಶಾಸ್ತ್ರ. ರಾಜ್ಯವನ್ನು ಆಳುವವರು ಯಾರೆಂಬುದು ಜೂನಿನಲ್ಲೇ ತೀರ್ಮಾನವಾಗಿಬಿಡುತ್ತದೆ. ಜೂನಿನಲ್ಲಿ ಬಾಯಿ ಬಿಡದವನಿಗೆ ನವೆಂಬರಿನಲ್ಲಿ ಹೇಳಲು ಏನೂ ಉಳಿದಿರುವುದಿಲ್ಲ.

ನಮ್ಮ ಬೀದಿಯ ತುದಿಯ ಇಟ್ಟಿಗೆ ಮನೆಯಲ್ಲಿ ಇಬ್ಬರು ಗಂಡಸರ ಸಂಸಾರ. ಒಬ್ಬರು ಹೈಸ್ಕೂಲ್ ಮೇಷ್ಟ್ರು, ಇನ್ನೊಬ್ಬರು ಆಸ್ಪತ್ರೆಯಲ್ಲಿ ನರ್ಸ್. ಮದುವೆಯಾದದ್ದು 2013ರ ಡಿಸೆಂಬರ್ 23ರಂದು. ಅದಕ್ಕೆ ಮೂರು ದಿನ ಮೊದಲು, ಶುಕ್ರವಾರ ಮಧ್ಯಾಹ್ನ, ಫೆಡರಲ್ ನ್ಯಾಯಾಧೀಶ ರಾಬರ್ಟ್ ಶೆಲ್ಬಿ ಅವರು ಸಲಿಂಗಿ ವಿವಾಹಕ್ಕೆ ಯೂಟಾ ಹಾಕಿದ್ದ ನಿಷೇಧವನ್ನು ರದ್ದುಮಾಡಿದ್ದರು. ಸುದ್ದಿ ಹಬ್ಬುತ್ತಿದ್ದಂತೆ ಜನ ಕೆಲಸದ ಬಟ್ಟೆಯಲ್ಲೇ ಕೌಂಟಿ ಕಚೇರಿಗೆ ಓಡಿದರು. ಸೋಮವಾರದ ಹೊತ್ತಿಗೆ ಕಾರಿಡಾರುಗಳ ತುಂಬ ಸಾಲು. ಜನವರಿ 6ರಂದು ಸುಪ್ರೀಂ ಕೋರ್ಟ್ ತಡೆಯಾಜ್ಞೆ ಕೊಡುವವರೆಗೆ ಸಾವಿರದ ಮುನ್ನೂರಕ್ಕೂ ಹೆಚ್ಚು ಜೋಡಿಗಳು ಮದುವೆಯಾದವು. ಆ ಮೊಕದ್ದಮೆಯ ಹೆಸರು ಕಿಚನ್ ವಿರುದ್ಧ ಹರ್ಬರ್ಟ್. ಕಿಚನ್ ಅಂದರೆ ಅರ್ಜಿದಾರ ಡೆರೆಕ್ ಕಿಚನ್. ಮುಂದೆ ಅವರು ಇದೇ ನಗರದಿಂದ ರಾಜ್ಯದ ಸೆನೆಟಿಗೂ ಆಯ್ಕೆಯಾದರು. ನಮ್ಮ ಮೇಷ್ಟ್ರ ಮನೆಯಲ್ಲಿ ಆ ಸಾಲಿನ ಒಂದು ಫೋಟೊ ಇದೆ. ನರ್ಸ್ ಅದರಲ್ಲಿ ಆಸ್ಪತ್ರೆಯ ನೀಲಿ ಸಮವಸ್ತ್ರದಲ್ಲೇ ನಿಂತಿದ್ದಾರೆ.

2024ರ ಜೂನಿನಲ್ಲಿ ಈ ಮನೆಗೆ ಮತಪತ್ರ ಬಂದದ್ದು ಮೇಷ್ಟ್ರಿಗೆ ಮಾತ್ರ. ನರ್ಸ್ ಡೆಮಾಕ್ರಟ್ ಎಂದು ನೋಂದಾಯಿಸಿಕೊಂಡವರು. ಅವರ ಪಕ್ಷದಲ್ಲಿ ಅವರ ಭಾಗದ ಸ್ಥಾನಗಳಿಗೆ ಪೈಪೋಟಿಯೇ ಇರಲಿಲ್ಲ, ಹಾಗಾಗಿ ಹಾಳೆಯೂ ಬರಲಿಲ್ಲ. ಮೇಷ್ಟ್ರ ಹೆಸರು ಮಾತ್ರ 2020ರಿಂದ ರಿಪಬ್ಲಿಕನ್ ಪಟ್ಟಿಯಲ್ಲಿದೆ. ಯಾರದೋ ಬಲವಂತಕ್ಕೆ ಅಲ್ಲ, ಲೆಕ್ಕ ಹಾಕಿಯೇ ಹೋಗಿ ಸೇರಿದವರು ಅವರು.

ಹಾಳೆ ಉದ್ದಕ್ಕಿತ್ತು. ಪ್ರತಿ ಹೆಸರಿನ ಪಕ್ಕ ಮೊಟ್ಟೆಯಾಕಾರದ ಸಣ್ಣ ಖಾಲಿ ಜಾಗ; ಅದನ್ನು ಪೆನ್ನಿನಿಂದ ಪೂರ್ತಿ ತುಂಬಬೇಕು. ಅಮೆರಿಕದ ಸೆನೆಟಿಗೆ ನಾಲ್ವರು: ಜಾನ್ ಕರ್ಟಿಸ್, ಟ್ರೆಂಟ್ ಸ್ಟಾಗ್ಸ್, ಬ್ರಾಡ್ ವಿಲ್ಸನ್, ಜೇಸನ್ ವಾಲ್ಟನ್. ಗವರ್ನರ್ ಸ್ಥಾನಕ್ಕೆ ಇಬ್ಬರು: ಸ್ಪೆನ್ಸರ್ ಕಾಕ್ಸ್, ಫಿಲ್ ಲೈಮನ್. ಹಾಳೆಯ ಜೊತೆ ಬಂದ ಲಕೋಟೆಯ ಮೇಲೆ ಸಹಿಯ ಜಾಗ, ಅದನ್ನು ಮುಚ್ಚುವ ಒಂದು ಮಡಿಕೆ. ಸಹಿ ಹೊಂದದಿದ್ದರೆ ಮತ ಎಣಿಕೆಗೆ ಸೇರುವುದಿಲ್ಲ. ಮೇಷ್ಟ್ರು ಕನ್ನಡಕ ಹಾಕಿಕೊಂಡು ಮೊದಲು ಕರ್ಟಿಸ್ ಹೆಸರಿನ ಮುಂದಿನ ಜಾಗವನ್ನು ತುಂಬಿದರು. ಅಷ್ಟರಮಟ್ಟಿಗೆ ಕೈ ತಡೆಯಲಿಲ್ಲ. 2022ರಲ್ಲಿ ಸಲಿಂಗಿ ವಿವಾಹಕ್ಕೆ ಫೆಡರಲ್ ಕಾನೂನಿನ ರಕ್ಷಣೆ ಕೊಡುವ ಮಸೂದೆಗೆ ಕರ್ಟಿಸ್ ಒಪ್ಪಿಗೆಯ ಮತ ಹಾಕಿದ್ದರು. ಮಾರ್ಮನ್ ಚರ್ಚು ಕೂಡ ಆ ಮಸೂದೆಯನ್ನು ಬೆಂಬಲಿಸಿತ್ತು. ರಾಜ್ಯದ ಇಬ್ಬರು ಸೆನೆಟರುಗಳಲ್ಲಿ ಮಿಟ್ ರಾಮ್ನಿ ಪರವಾಗಿ ನಿಂತರು, ಮೈಕ್ ಲೀ ವಿರೋಧಿಸಿದರು. ಆಗ ರಾಮ್ನಿ ಬಿಟ್ಟುಹೋಗುತ್ತಿದ್ದ ಕುರ್ಚಿಗೆ ಟ್ರಂಪ್ ಬೆಂಬಲ ಇದ್ದದ್ದು ಸ್ಟಾಗ್ಸ್‌ಗೆ. ಅಲ್ಲಿ ಇದ್ದುದರಲ್ಲಿ ವಾಸಿ ಯಾರು ಎಂದು ಕೇಳುವ ಅಗತ್ಯವೇ ಇರಲಿಲ್ಲ.

ಪೆನ್ನು ತಡೆದದ್ದು ಗವರ್ನರ್ ಸಾಲಿನಲ್ಲಿ.

"ಅವನ ಹೆಸರಿಗೆ ನಿನ್ನ ಕೈಯಾರೆ ಶಾಯಿ ತುಂಬುತ್ತೀಯಾ?" ಎಂದು ನರ್ಸ್ ಕೇಳಿದರು.

"ಇನ್ನೊಬ್ಬನ ಹೆಸರು ನೋಡಿದೆಯಲ್ಲ."

"ನೋಡಿದೆ. ಅದಕ್ಕೇ ನಾನು ಈ ಪಟ್ಟಿಗೆ ಸೇರಲಿಲ್ಲ."

ಸ್ಪೆನ್ಸರ್ ಕಾಕ್ಸ್ ಹೆಸರು ಈ ಮನೆಯಲ್ಲಿ ಇಷ್ಟು ಭಾರವಾಗಲು ಕಾರಣವಿದೆ. 2016ರ ಜೂನಿನಲ್ಲಿ ಫ್ಲಾರಿಡಾದ ಒರ್ಲ್ಯಾಂಡೊ ನಗರದ ಪಲ್ಸ್ ನೈಟ್‌ಕ್ಲಬ್ಬಿನಲ್ಲಿ ಬಂದೂಕುಧಾರಿಯೊಬ್ಬ 49 ಮಂದಿಯನ್ನು ಕೊಂದ ಮರುದಿನ ಸಾಲ್ಟ್ ಲೇಕ್‌ನಲ್ಲಿ ದೀಪ ಹಚ್ಚಿ ಶೋಕಸಭೆ ನಡೆಯಿತು. ಆಗ ಲೆಫ್ಟಿನೆಂಟ್ ಗವರ್ನರ್ ಆಗಿದ್ದ ಕಾಕ್ಸ್ ವೇದಿಕೆಗೆ ಬಂದರು. ಫೇರ್‌ವ್ಯೂ ಎಂಬ ಪುಟ್ಟ ಹಳ್ಳಿಯಲ್ಲಿ ಬೆಳೆದವನು ನಾನು, ಶಾಲೆಯಲ್ಲಿ ಬೇರೆ ಥರ ಇದ್ದ ಕೆಲವು ಹುಡುಗರನ್ನು ಸರಿಯಾಗಿ ನಡೆಸಿಕೊಳ್ಳಲಿಲ್ಲ, ಅವರು ಸಲಿಂಗಿಗಳಾಗಿದ್ದರೆಂದು ಈಗ ತಿಳಿದಿದೆ, ಅದಕ್ಕೆ ಕ್ಷಮೆ ಬೇಡುತ್ತೇನೆ ಎಂದು ಕಣ್ಣೀರು ತುಂಬಿಕೊಂಡು ಹೇಳಿದರು. ಯಾವ ರಿಪಬ್ಲಿಕನ್ ನಾಯಕನೂ ಹಾಗೆ ಮಾತಾಡಿದ್ದನ್ನು ಇಲ್ಲಿನ ಜನ ಕೇಳಿರಲಿಲ್ಲ. ಮೇಷ್ಟ್ರೂ ನರ್ಸೂ ಆ ಸಭೆಯಲ್ಲಿದ್ದರು. 2021ರಲ್ಲಿ ಗವರ್ನರ್ ಆದ ಮೇಲೆ ಕಾಕ್ಸ್ ಜೂನ್ ತಿಂಗಳನ್ನು ಪ್ರೈಡ್ ತಿಂಗಳೆಂದು ಘೋಷಿಸಿದರು. ಯೂಟಾದಲ್ಲಿ ಅಂಥ ಘೋಷಣೆ ಹೊರಡಿಸಿದ ಮೊದಲ ಗವರ್ನರ್ ಅವರೇ.

ಇನ್ನೂ ದೊಡ್ಡ ಗಳಿಗೆ ಬಂದದ್ದು 2022ರ ಮಾರ್ಚಿನಲ್ಲಿ. ಟ್ರಾನ್ಸ್ ಹುಡುಗಿಯರು ಶಾಲೆಗಳಲ್ಲಿ ಹುಡುಗಿಯರ ತಂಡದಲ್ಲಿ ಆಡಬಾರದೆಂಬ ಮಸೂದೆಯನ್ನು ಶಾಸನಸಭೆ ಪಾಸು ಮಾಡಿತು. ಕಾಕ್ಸ್ ಸಹಿ ಹಾಕಲಿಲ್ಲ, ವಾಪಸ್ ಕಳಿಸಿದರು. ಜೊತೆಗೆ ಬರೆದ ಪತ್ರದಲ್ಲಿ ಕೆಲವು ಅಂಕಿಗಳನ್ನು ಮುಂದಿಟ್ಟರು. ರಾಜ್ಯದ ಹೈಸ್ಕೂಲುಗಳಲ್ಲಿ ಆಟಕ್ಕಿಳಿಯುವ ಮಕ್ಕಳು 75,000. ಅವರಲ್ಲಿ ಟ್ರಾನ್ಸ್ ಮಕ್ಕಳು 4. ಆ ನಾಲ್ವರಲ್ಲಿ ಹುಡುಗಿಯರ ತಂಡದಲ್ಲಿ ಆಡುವವಳು ಒಬ್ಬಳೇ ಒಬ್ಬಳು. ಆತ್ಮಹತ್ಯೆಗೆ ಯತ್ನಿಸಿದ್ದಾಗಿ ಹೇಳಿಕೊಂಡ ಟ್ರಾನ್ಸ್ ಯುವಜನರ ಪ್ರಮಾಣ 56 ಪ್ರತಿಶತ. ಇಷ್ಟು ಕೆಲವೇ ಮಕ್ಕಳ ಮೇಲೆ ಇಷ್ಟೊಂದು ಭಯವನ್ನೂ ಕೋಪವನ್ನೂ ಹರಿಸುವುದು ತನ್ನಿಂದ ಆಗದು ಎಂಬ ಅರ್ಥದ ಮಾತು ಆ ಪತ್ರದಲ್ಲಿತ್ತು. ಮೂರೇ ದಿನಕ್ಕೆ ಶಾಸನಸಭೆ ಮತ್ತೆ ಸೇರಿ ಅವರ ವೀಟೊವನ್ನು ತಳ್ಳಿಹಾಕಿತು. ಆದರೂ ಒಬ್ಬ ರಿಪಬ್ಲಿಕನ್ ಗವರ್ನರ್ ತನ್ನದೇ ಪಕ್ಷದ ಬಹುಮತದ ಎದುರು ನಾಲ್ಕು ಮಕ್ಕಳ ಪರವಾಗಿ ನಿಂತಿದ್ದ. ಆ ಪತ್ರವನ್ನು ಅಚ್ಚು ಹಾಕಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಮನೆಗಳನ್ನು ನಾನು ಕಂಡಿದ್ದೇನೆ.

ಆಮೇಲೆ ಅದೇ ಕೈ ಬೇರೆ ಕಾಗದಗಳಿಗೆ ಸಹಿ ಹಾಕತೊಡಗಿತು. 2023ರ ಜನವರಿಯಲ್ಲಿ, ಅಪ್ರಾಪ್ತ ಟ್ರಾನ್ಸ್ ಮಕ್ಕಳಿಗೆ ಶಸ್ತ್ರಚಿಕಿತ್ಸೆಯನ್ನು ನಿಷೇಧಿಸಿ ಹೊಸದಾಗಿ ಹಾರ್ಮೋನ್ ಚಿಕಿತ್ಸೆ ಶುರುಮಾಡುವುದನ್ನು ತಡೆಯುವ ಕಾನೂನು. 2024ರ ಜನವರಿಯಲ್ಲಿ, ಸರ್ಕಾರಿ ಕಟ್ಟಡಗಳಲ್ಲಿ, ಶಾಲೆಗಳಲ್ಲಿ ಟ್ರಾನ್ಸ್ ಜನ ಯಾವ ಶೌಚಾಲಯಕ್ಕೆ, ಯಾವ ಬಟ್ಟೆ ಬದಲಿಸುವ ಕೋಣೆಗೆ ಹೋಗಬಹುದೆಂದು ಗೊತ್ತುಮಾಡುವ ಕಾನೂನು. ದೂರು ಕೊಡಲೆಂದು ರಾಜ್ಯದ ಲೆಕ್ಕ ಪರಿಶೋಧಕರ ಕಚೇರಿ ಮೇ ತಿಂಗಳಲ್ಲಿ ಅಂತರ್ಜಾಲದಲ್ಲಿ ಒಂದು ಅರ್ಜಿ ತೆರೆದರೆ, ಕೆಲವೇ ದಿನಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಸುಳ್ಳು ದೂರುಗಳು ಬಂದು ತುಂಬಿದವು. ಜನ ತಮ್ಮ ಸಿಟ್ಟನ್ನು ತೀರಿಸಿಕೊಂಡದ್ದು ಹಾಗೆ. ಜೂನ್ ಬಂದಾಗ ಗವರ್ನರ್ ಕಚೇರಿಯ ಘೋಷಣೆಯಲ್ಲಿ ಪ್ರೈಡ್ ಎಂಬ ಮಾತು ಮಾಯವಾಗಿತ್ತು. ಅದರ ಜಾಗದಲ್ಲಿ ಸೇತುವೆ ಕಟ್ಟುವ ತಿಂಗಳು ಎಂದಿತ್ತು.

ಮೇಷ್ಟ್ರು ಪೆನ್ನು ಕೆಳಗಿಟ್ಟು ಹೇಳಿದ್ದು: "ಅವನಿಗೆ ಗೊತ್ತಿದೆ. ಅದೇ ನನಗೆ ಸಹಿಸಲಾಗದ್ದು. ಗೊತ್ತಿಲ್ಲದವನು ಮಾಡಿದ್ದರೆ ಹೀಗೆ ನೋಯುತ್ತಿರಲಿಲ್ಲ."

ಎದುರಿಗಿದ್ದ ಫಿಲ್ ಲೈಮನ್ ದಕ್ಷಿಣ ಯೂಟಾದ ಬ್ಲಾಂಡಿಂಗ್ ಊರಿನವರು. 2014ರಲ್ಲಿ ವಾಹನ ಸಂಚಾರಕ್ಕೆ ಮುಚ್ಚಿದ್ದ ಫೆಡರಲ್ ಕಣಿವೆಯೊಂದರಲ್ಲಿ ವಾಹನಗಳ ಪ್ರತಿಭಟನೆ ನಡೆಸಿ ಹತ್ತು ದಿನ ಜೈಲು ಕಂಡವರು. 2020ರ ಕೊನೆಗೆ ಟ್ರಂಪ್ ಅವರಿಗೆ ಕ್ಷಮಾದಾನ ಕೊಟ್ಟರು. ಕಾಕ್ಸ್ ಮೆತ್ತಗಾದರು, ನಿಜವಾದ ಸಂಪ್ರದಾಯಸ್ಥರೇ ಅಲ್ಲ ಎಂಬುದು ಲೈಮನ್ ಬಳಗದ ದೂರು. ಏಪ್ರಿಲ್ 27ರಂದು ಸಾಲ್ಟ್ ಪ್ಯಾಲೆಸ್ ಸಭಾಂಗಣದಲ್ಲಿ ಪಕ್ಷದ ಸಮಾವೇಶ ನಡೆಯಿತು. ಸುಮಾರು ನಾಲ್ಕು ಸಾವಿರ ಪ್ರತಿನಿಧಿಗಳು. ಕಾಕ್ಸ್ ಮಾತಿಗೆ ನಿಂತೊಡನೆ ಸಭೆ ಛೀ ಥೂ ಎಂದು ಕೂಗಿತು. ನಾನು ಸಾಕಷ್ಟು ದ್ವೇಷಿಸುವುದಿಲ್ಲವೆಂದೇ ನಿಮಗೆ ನನ್ನ ಮೇಲೆ ದ್ವೇಷವಿರಬೇಕು ಎಂಬರ್ಥದಲ್ಲಿ ಅವರು ಆ ಕೂಗಿನ ನಡುವೆಯೇ ಉತ್ತರಿಸಿದರು. ಪ್ರತಿನಿಧಿಗಳಲ್ಲಿ ಮೂರನೇ ಎರಡು ಪಾಲು ಲೈಮನ್ ಕಡೆ ನಿಂತಿತು. 2014ರ ಕಾನೂನೊಂದು ಇಲ್ಲದಿದ್ದರೆ ಕಾಕ್ಸ್ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಸಮಾವೇಶದಲ್ಲಿ ಸೋತರೂ 28,000 ಮತದಾರರ ಸಹಿ ಒಟ್ಟುಮಾಡಿದವರು ಪ್ರೈಮರಿಗೆ ನಿಲ್ಲಬಹುದೆಂದು ಆ ಕಾನೂನು ಹೇಳುತ್ತದೆ. ಕಾಕ್ಸ್ ಆ ದಾರಿಯಲ್ಲಿ ಮತಪತ್ರಕ್ಕೆ ಬಂದರು.

ಆ ಸಭಾಂಗಣದ ಕೂಗನ್ನು ಕೇಳಿದ ಮೇಲೆ ಮೇಷ್ಟ್ರ ತರ್ಕ ಅರ್ಥವಾಗುತ್ತದೆ. ಕಾಕ್ಸ್ ಸೋತರೆ ಮುಂದಿನ ಗವರ್ನರ್ ಮೇಜಿನ ಮೇಲೆ ವೀಟೊ ಎಂಬ ಕಾಗದವೇ ಇರುವುದಿಲ್ಲ. ಪಕ್ಕದ ಮನೆಯ ಮಗುವಿನ ಬಗ್ಗೆ ಹೇಳಹೊರಟರೆ ಬಾಗಿಲು ತೆರೆಯುವವರೂ ಇರುವುದಿಲ್ಲ. ಬಾಗಿಲು ತೆರೆದದ್ದರಿಂದ ಇಲ್ಲಿ ಕೆಲಸಗಳು ಆಗಿವೆ. 2014ರಲ್ಲಿ, ಉದ್ಯೋಗ ಮತ್ತು ಬಾಡಿಗೆ ಮನೆಯ ವಿಷಯದಲ್ಲಿ ಭೇದಭಾವ ನಿಷೇಧಿಸುವ ಮಸೂದೆಯನ್ನು ಚರ್ಚೆಗೆ ತೆಗೆದುಕೊಳ್ಳಿ ಎಂದು ಕ್ಯಾಪಿಟಲ್ ಕಟ್ಟಡದಲ್ಲಿ ಸಮಿತಿಯ ಕೋಣೆಯ ಬಾಗಿಲಿಗೆ ಅಡ್ಡ ಕುಳಿತು ಹದಿಮೂರು ಮಂದಿ ಬಂಧನಕ್ಕೊಳಗಾದರು. ಅವರಲ್ಲೊಬ್ಬರು ಟ್ರಾಯ್ ವಿಲಿಯಮ್ಸ್. ಅದೇ ವರ್ಷ ಅವರು ಈಕ್ವಾಲಿಟಿ ಯೂಟಾ ಸಂಘಟನೆಯ ಮುಖ್ಯಸ್ಥರಾದರು, ರಿಪಬ್ಲಿಕನ್ ಶಾಸಕರ ಜೊತೆ, ಮಾರ್ಮನ್ ಚರ್ಚಿನ ಜೊತೆ ಮೇಜಿಗೆ ಕೂತರು. 2015ರ ಮಾರ್ಚಿನಲ್ಲಿ ಆ ಕಾನೂನು ಪಾಸಾಯಿತು. ಧಾರ್ಮಿಕ ಸಂಸ್ಥೆಗಳಿಗೆ ವಿನಾಯಿತಿ ಇಟ್ಟುಕೊಂಡೇ ಪಾಸಾಯಿತು, ನಿಜ. ಆದರೂ ಒಬ್ಬ ಸಲಿಂಗಿಯನ್ನು ಸಲಿಂಗಿ ಎಂಬ ಕಾರಣಕ್ಕೆ ಕೆಲಸದಿಂದ ಕಿತ್ತುಹಾಕುವುದು ಅಂದಿನಿಂದ ಇಲ್ಲಿ ಕಾನೂನುಬಾಹಿರ. ಮಕ್ಕಳ ಲೈಂಗಿಕತೆಯನ್ನು ಬದಲಿಸುತ್ತೇವೆನ್ನುವ ಚಿಕಿತ್ಸೆಯನ್ನು ನಿಷೇಧಿಸುವ ಮಸೂದೆ 2023ರಲ್ಲಿ ಒಂದೂ ವಿರೋಧ ಮತವಿಲ್ಲದೆ ಪಾಸಾಯಿತು. ಇದನ್ನೆಲ್ಲ ಪಾಸು ಮಾಡಿದ್ದು ಸಂಪ್ರದಾಯಸ್ಥರೇ ತುಂಬಿರುವ ಸಭೆ. ಮಾತಾಡಲು ಸಿಗುವ ಜನ ಆ ಸಭೆಯಲ್ಲಿ ಕೆಲವರಾದರೂ ಇರಲಿ ಎಂದು ಹಟ ಹಿಡಿಯುವುದು ಸಣ್ಣ ಮಾತಲ್ಲ.

ನರ್ಸ್ ಹೇಳುವುದರಲ್ಲೂ ಹುರುಳಿದೆ, ಅದನ್ನು ತೂಗದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. "ಅವನಿಗೆ ನಿನ್ನ ಮತ ಎಲ್ಲಿಂದ ಬಂತೆಂದು ಗೊತ್ತಾಗುವುದೇ ಇಲ್ಲವಲ್ಲ" ಎಂದರು ಅವರು. ಮತ ಗುಟ್ಟಿನದು. ಎಣಿಕೆಯ ಯಂತ್ರಕ್ಕೆ ಮೇಷ್ಟ್ರ ಮತವೂ, ಟ್ರಾನ್ಸ್ ಮಕ್ಕಳನ್ನು ಕಂಡರಾಗದ ಇನ್ನೊಬ್ಬನ ಮತವೂ ಒಂದೇ. ಗೆದ್ದ ಮೇಲೆ ಗವರ್ನರ್ ತಿರುಗಿ ನೋಡುವುದು ತನ್ನನ್ನು ಕೂಗಿ ಕೆಳಗಿಳಿಸಲು ನೋಡಿದ ನಾಲ್ಕು ಸಾವಿರ ಜನರ ಕಡೆಗೆ. ಅವರನ್ನು ಒಲಿಸಬೇಕು, ಇಲ್ಲವೆಂದರೆ ಮುಂದಿನ ಸಲ ಕಷ್ಟ. ಬೇರೆ ಗತಿಯಿಲ್ಲದೆ ಮತ ಹಾಕಿದವರನ್ನು ಒಲಿಸುವ ಅಗತ್ಯ ಯಾರಿಗೂ ಇಲ್ಲ, ಅವರು ಎಲ್ಲಿಗೂ ಹೋಗುವುದಿಲ್ಲ. ಕಾಕ್ಸ್ ವರ್ಷದಿಂದ ವರ್ಷಕ್ಕೆ ಬಲಕ್ಕೆ ಸರಿದ ಗುಟ್ಟು ಇಷ್ಟೇ ಎಂದು ನನಗೂ ಅನ್ನಿಸಿದೆ. ಇದ್ದುದರಲ್ಲಿ ವಾಸಿಯವರನ್ನು ಆರಿಸುವವರ ಮತ ಎಣಿಕೆಗೆ ಬರುತ್ತದೆ, ಋಣಕ್ಕೆ ಬರುವುದಿಲ್ಲ. ಮೇಲಾಗಿ ರಿಪಬ್ಲಿಕನ್ ಎಂದು ನೋಂದಾಯಿಸಿದ ಪ್ರತಿ ಹೆಸರೂ ಆ ಪಕ್ಷದ ಬಲದ ಲೆಕ್ಕಕ್ಕೆ ಸೇರುತ್ತದೆ. ಜನ ನಮ್ಮ ಕಡೆ ಇದ್ದಾರೆಂದು ತೋರಿಸಲು ಅದೇ ಲೆಕ್ಕ ಬಳಕೆಯಾಗುತ್ತದೆ.

ಅದಕ್ಕಿಂತ ಕಹಿಯಾದ ಪ್ರಶ್ನೆ ಇನ್ನೊಂದಿದೆ. ವಾಸಿ ಎಂದರೆ ಯಾರಿಗೆ ವಾಸಿ? ಮೇಷ್ಟ್ರದು, ನರ್ಸ್‌ರದು ಮದುವೆಯಾದ ಸಂಸಾರ. ಮನೆ ಇಬ್ಬರ ಹೆಸರಿನಲ್ಲಿದೆ, ಕೆಲಸಕ್ಕೆ ಕಾನೂನಿನ ಆಸರೆ ಇದೆ. ಈ ಹತ್ತು ವರ್ಷದಲ್ಲಿ ರಾಜಕೀಯದ ಬಾಣಗಳು ಅವರನ್ನು ಬಿಟ್ಟು ಟ್ರಾನ್ಸ್ ಜನರ ಕಡೆಗೆ, ಅದರಲ್ಲೂ ಮಕ್ಕಳ ಕಡೆಗೆ ತಿರುಗಿವೆ. ಇಬ್ಬರು ಅಭ್ಯರ್ಥಿಗಳ ನಡುವಿನ ವ್ಯತ್ಯಾಸ ಮೇಷ್ಟ್ರಿಗೆ ಎದ್ದು ಕಾಣುವಷ್ಟು, ಶಾಲೆಯ ಶೌಚಾಲಯದ ಬಾಗಿಲಲ್ಲಿ ತಡೆದು ನಿಲ್ಲಿಸಿದ ಹುಡುಗಿಗೆ ಕಾಣಲಾರದು. ಒಂದೇ ಬಾವುಟದಡಿ ನಡೆಯುವವರೆಲ್ಲರ ಗಾಯ ಒಂದೇ ಆಳದ್ದಲ್ಲ.

ಅಂಥ ಹುಡುಗಿಯೊಬ್ಬಳನ್ನು ನಾನು ನೋಡಿದ್ದು ಬಡಾವಣೆಯ ಗ್ರಂಥಾಲಯದ ಮುಂದೆ. ಅಲ್ಲಿ ಮತಪತ್ರ ಹಾಕುವ ಉಕ್ಕಿನ ಡಬ್ಬವಿದೆ, ನೆಲಕ್ಕೆ ಬೋಲ್ಟು ಹಾಕಿ ಕೂರಿಸಿದ್ದು. ತಾಯಿ ಮಗಳು ಕಾರಿನಿಂದಿಳಿದು ಬಂದರು. ತಾಯಿ ಈಗಲೂ ಭಾನುವಾರ ತಪ್ಪದೆ ಚರ್ಚಿಗೆ ಹೋಗುವವರು, ಹುಟ್ಟಿದಂದಿನಿಂದ ರಿಪಬ್ಲಿಕನ್ ಮನೆತನ. ಮಗಳು ಟ್ರಾನ್ಸ್. ಯೂಟಾದಲ್ಲಿ ನವೆಂಬರಿನೊಳಗೆ 18 ತುಂಬುವವರು 17ರಲ್ಲೇ ಪ್ರೈಮರಿಯಲ್ಲಿ ಮತ ಹಾಕಬಹುದು. ಈ ಹುಡುಗಿಗೆ ಅದು ಬದುಕಿನ ಮೊದಲ ಮತ. ಕೈಯಲ್ಲಿ ಹಿಡಿದ ಲಕೋಟೆಯ ಮೇಲೆ ಅವಳ ಸಹಿ ದುಂಡಗೆ, ಅಕ್ಷರ ಅಕ್ಷರವಾಗಿ, ಇನ್ನೂ ರೂಢಿಯಾಗದ ಸಹಿ.

ತಾಯಿ ಕಾಕ್ಸ್‌ಗೆ ಮತ ಹಾಕಿದ್ದರು. ಆ ವೀಟೊ ಪತ್ರವನ್ನು ಓದಿದ ರಾತ್ರಿ ಮೊದಲ ಸಲ ತಾನು ನೆಮ್ಮದಿಯಾಗಿ ನಿದ್ದೆ ಮಾಡಿದೆ ಎಂದು ಅವರು ನನಗೆ ಹೇಳಿದರು. "ಆ ಒಂದು ಪತ್ರದ ಬೆಲೆ ನಾನು ಇವತ್ತು ಕೊಟ್ಟೆ" ಎಂದರು.

ಮಗಳನ್ನು ನಾನು ಕೇಳಲಿಲ್ಲ. ಅವಳೇ ಹೇಳಿದಳು: "ಸೆನೆಟಿಗೆ ಕರ್ಟಿಸ್. ಗವರ್ನರ್ ಸಾಲನ್ನು ಖಾಲಿ ಬಿಟ್ಟೆ." ಆಮೇಲೆ ತಾಯಿಯ ಕಡೆ ತಿರುಗಿ, "ನಿನಗೆ ಬೇಜಾರಾ?" ಎಂದಳು. ತಾಯಿ ಇಲ್ಲವೆಂದು ತಲೆಯಾಡಿಸಿದರು. ಲಕೋಟೆ ಡಬ್ಬದ ಬಾಯಿಗೆ ಸ್ವಲ್ಪ ಸಿಕ್ಕಿಹಾಕಿಕೊಂಡಿತು. ಹುಡುಗಿ ಎರಡು ಬೆರಳಿನಿಂದ ಒತ್ತಿ ಒಳಗೆ ತಳ್ಳಿದಳು.

ಆ ಖಾಲಿ ಬಿಟ್ಟ ಜಾಗವನ್ನು ಹೊಣೆಗೇಡಿತನ ಎನ್ನುವವರಿದ್ದಾರೆ. ನಾನು ಹಾಗೆನ್ನಲಾರೆ. ಮತದ ಹಕ್ಕಿಲ್ಲದೆ ಈ ದೇಶದಲ್ಲಿ ದುಡಿದು ಬದುಕುತ್ತಿರುವ ನನಗೆ, ಹದಿನೇಳರ ಹುಡುಗಿಯೊಬ್ಬಳು ತನ್ನ ಮೊದಲ ಮತಪತ್ರದಲ್ಲಿ ಒಂದು ಸಾಲನ್ನು ಯೋಚಿಸಿ ತುಂಬಿ ಇನ್ನೊಂದನ್ನು ಯೋಚಿಸಿಯೇ ಬಿಟ್ಟದ್ದು ಗೌರವದ ಕೆಲಸವಾಗಿಯೇ ಕಂಡಿತು. ಮೇಷ್ಟ್ರು ತುಂಬಿದ್ದೂ ಅಷ್ಟೇ ಗೌರವದ ಕೆಲಸ. ಇಬ್ಬರನ್ನೂ ಇಂಥ ಆಯ್ಕೆಗೆ ದೂಡಿದವರ ಮೇಲೆ ನನಗೆ ಸಿಟ್ಟಿದೆ.

ಇದ್ದುದರಲ್ಲಿ ವಾಸಿಯವರನ್ನು ಆರಿಸುವ ಈ ಲೆಕ್ಕಾಚಾರಕ್ಕೆ ರಾಜಕಾರಣಿಗಳು ಹೆದರುತ್ತಾರೆ ಎಂಬುದಕ್ಕೂ ಸಾಕ್ಷಿಯಿದೆ. 2020ರ ಪ್ರೈಮರಿಯಲ್ಲಿ ಕಾಕ್ಸ್ ಎದುರು ಜಾನ್ ಹಂಟ್ಸ್‌ಮನ್ ನಿಂತಿದ್ದರು. ಗವರ್ನರ್ ಆಗಿದ್ದಾಗ 2009ರಲ್ಲೇ ಸಲಿಂಗಿ ಜೋಡಿಗಳಿಗೆ ಸಿವಿಲ್ ಯೂನಿಯನ್ ಕೊಡಬೇಕೆಂದು ಹೇಳಿ ತನ್ನ ಪಕ್ಷವನ್ನು ಬೆಚ್ಚಿಬೀಳಿಸಿದವರು ಅವರು. ಆ ಸಲ ಸಾವಿರಾರು ಡೆಮಾಕ್ರಟರು, ಯಾವ ಪಕ್ಷಕ್ಕೂ ಸೇರದವರು ರಿಪಬ್ಲಿಕನ್ನರೆಂದು ನೋಂದಾಯಿಸಿಕೊಂಡರು. ಮೇಷ್ಟ್ರೂ ಆಗಲೇ ಸೇರಿದ್ದು. ಗೆದ್ದವರು ಕಾಕ್ಸ್, ಅಂತರ ಆರು ಸಾವಿರದ ಆಸುಪಾಸು. ಮರುವರ್ಷವೇ ಶಾಸನಸಭೆ ಕಾನೂನು ಮಾಡಿತು: ಚುನಾವಣೆಯ ವರ್ಷದಲ್ಲಿ ಒಂದು ಪಕ್ಷದಿಂದ ಇನ್ನೊಂದಕ್ಕೆ ಹೆಸರು ಬದಲಿಸುವವರು ಮಾರ್ಚ್ ಮುಗಿಯುವುದರೊಳಗೆ ಬದಲಿಸಬೇಕಿತ್ತು. ಕಣದಲ್ಲಿ ಯಾರಿದ್ದಾರೆಂದು ಸರಿಯಾಗಿ ತಿಳಿಯುವ ಮೊದಲೇ ಬಾಗಿಲು ಮುಚ್ಚಿತು. 2022ರಲ್ಲಿ ಡೆಮಾಕ್ರಟಿಕ್ ಪಕ್ಷ ಇನ್ನೊಂದು ದಾರಿ ಹಿಡಿಯಿತು. ಮೈಕ್ ಲೀ ಎದುರು ತನ್ನ ಅಭ್ಯರ್ಥಿಯನ್ನೇ ಹಾಕದೆ, ಪಕ್ಷೇತರನಾಗಿ ನಿಂತ ಸಂಪ್ರದಾಯಸ್ಥ ಎವಾನ್ ಮೆಕ್‌ಮಲಿನ್ ಬೆನ್ನಿಗೆ ನಿಂತಿತು. ಲೀ ಸುಮಾರು ಹತ್ತು ಪ್ರತಿಶತದ ಅಂತರದಲ್ಲಿ ಗೆದ್ದರು.

ಜೂನ್ 25ರ ರಾತ್ರಿ ಮೇಷ್ಟ್ರ ಮನೆಯ ಹಿತ್ತಲಲ್ಲಿ ಒಲೆ ಹಚ್ಚಿ ಜೋಳದ ತೆನೆ ಸುಡುತ್ತಿದ್ದರು. ಫಲಿತಾಂಶ ಬೇಗ ಬಂತು. ಕರ್ಟಿಸ್ ಸುಲಭವಾಗಿ ಗೆದ್ದರು. ಕಾಕ್ಸ್ ಸುಮಾರು 54 ಪ್ರತಿಶತ ಪಡೆದು ಗೆದ್ದರು. ಯಾರೂ ಕೇಕೆ ಹಾಕಲಿಲ್ಲ. ಎರಡನೇ ಕಾಂಗ್ರೆಸ್ ಕ್ಷೇತ್ರದಲ್ಲಿ ಸಿಲೆಸ್ಟ್ ಮಲಾಯ್ ಮತ್ತು ಕೋಲ್ಬಿ ಜೆಂಕಿನ್ಸ್ ನಡುವಿನ ಅಂತರ ಕರಗುತ್ತ ಹೋಯಿತು. ವಾರಗಳ ನಂತರ ಮರು ಎಣಿಕೆಯಾದಾಗ ಉಳಿದದ್ದು 176 ಮತ. ತಡವಾಗಿ ಅಂಚೆಮುದ್ರೆ ಬಿದ್ದ ಲಕೋಟೆಗಳ ತಕರಾರು ರಾಜ್ಯದ ಸುಪ್ರೀಂ ಕೋರ್ಟ್ ತನಕ ಹೋಗಿ ವಾಪಸಾಯಿತು. ಒಂದು ಬೀದಿಯ ಜನ ಸೇರಿದರೆ ಕಾಂಗ್ರೆಸ್ಸಿನ ಒಂದು ಸ್ಥಾನ ಅತ್ತಿತ್ತ ಆಗುವ ರಾಜ್ಯ ಇದು. ಮೇಷ್ಟ್ರು ನರ್ಸ್‌ಗೆ ಅದನ್ನು ಹೇಳದೆ ಬಿಡಲಿಲ್ಲ.

ನರ್ಸ್ ಹೇಳಿದ್ದೂ ಸುಳ್ಳಾಗಲಿಲ್ಲ. ಜುಲೈನಲ್ಲಿ ಕಾಕ್ಸ್ ಟ್ರಂಪ್‌ಗೆ ಬೆಂಬಲ ಘೋಷಿಸಿದರು. 2025ರ ಫೆಬ್ರವರಿಯಲ್ಲಿ, ಸರ್ಕಾರಿ ಕಾಲೇಜು ಹಾಸ್ಟೆಲುಗಳಲ್ಲಿ ಟ್ರಾನ್ಸ್ ವಿದ್ಯಾರ್ಥಿಗಳು ಎಲ್ಲಿ ಇರಬೇಕೆಂದು ಗೊತ್ತುಮಾಡುವ ಕಾನೂನಿಗೆ ಸಹಿ ಹಾಕಿದರು. ಗ್ರಂಥಾಲಯದ ಮುಂದೆ ಕಂಡ ಹುಡುಗಿ ಕಾಲೇಜು ಹುಡುಕುತ್ತಿದ್ದ ಚಳಿಗಾಲ ಅದು. ಮಾರ್ಚಿನಲ್ಲಿ, ಶಾಲೆ ಮತ್ತು ಸರ್ಕಾರಿ ಕಟ್ಟಡಗಳಲ್ಲಿ ಪ್ರೈಡ್ ಬಾವುಟ ಹಾರಿಸುವಂತಿಲ್ಲವೆಂಬ ಮಸೂದೆ ಮೇಜಿಗೆ ಬಂತು. ಕಾಕ್ಸ್ ಅದಕ್ಕೆ ಸಹಿಯನ್ನೂ ಹಾಕಲಿಲ್ಲ, ವೀಟೊವನ್ನೂ ಮಾಡಲಿಲ್ಲ. ಗಡುವು ಮೀರಿ ಅದು ತಾನಾಗಿಯೇ ಕಾನೂನಾಯಿತು. ಇಂಥ ನಿಷೇಧ ತಂದ ಮೊದಲ ರಾಜ್ಯ ಯೂಟಾ. ಉಲ್ಲಂಘಿಸಿದ ನಗರಕ್ಕೆ ದಿನಕ್ಕೆ 500 ಡಾಲರ್ ದಂಡ.

ಕಾನೂನು ಜಾರಿಗೆ ಬರುವ ಹಿಂದಿನ ದಿನ, ಮೇ 6ರ ಮಂಗಳವಾರ, ಸಾಲ್ಟ್ ಲೇಕ್ ನಗರಸಭೆ ಸೇರಿತು. ನಗರದ ಅಧಿಕೃತ ಬಾವುಟವನ್ನು ಹಾರಿಸಲು ಕಾನೂನಿನಲ್ಲಿ ಅಡ್ಡಿಯಿಲ್ಲ. ಮೇಯರ್ ಎರಿನ್ ಮೆಂಡೆನ್‌ಹಾಲ್ ಅವರ ಪ್ರಸ್ತಾವದಂತೆ ನಗರ ಇನ್ನೂ ಮೂರು ಬಾವುಟಗಳನ್ನು ತನ್ನ ಅಧಿಕೃತ ಬಾವುಟಗಳೆಂದು ಅಂಗೀಕರಿಸಿತು. ಒಂದು ಕಾಮನಬಿಲ್ಲಿನದು, ಒಂದು ಟ್ರಾನ್ಸ್ ಜನರ ತಿಳಿನೀಲಿ, ಗುಲಾಬಿ, ಬಿಳಿ ಬಣ್ಣಗಳದು, ಇನ್ನೊಂದು ಕರಿಯರ ವಿಮೋಚನೆಯ ಜೂನ್‌ಟೀನ್ತ್ ಹಬ್ಬದ್ದು. ಮೂರರ ಮೂಲೆಯಲ್ಲೂ ನಗರದ ಗುರುತಾದ ಬಿಳಿ ಸೀಗೊ ಲಿಲಿ ಹೂವು.

ಸಾಲ್ಟ್ ಲೇಕ್‌ನ ನಗರ ಚುನಾವಣೆಯಲ್ಲಿ ಪಕ್ಷವಿಲ್ಲ. ಅಲ್ಲಿ ಮತ ಹಾಕಲು ಯಾವ ಪಟ್ಟಿಗೂ ಸೇರಬೇಕಿಲ್ಲ, ಮೂಗು ಹಿಡಿದುಕೊಳ್ಳಬೇಕಿಲ್ಲ. ಮೇಷ್ಟ್ರೂ ನರ್ಸೂ ಒಂದೇ ಹೆಸರಿಗೆ, ಮನಸ್ಸಿಗೆ ಬಂದ ಹೆಸರಿಗೆ ಮತ ಹಾಕುತ್ತಾರೆ. ಸುದ್ದಿ ಬಂದ ಸಂಜೆ ನರ್ಸ್ ನನಗೆ ಆ ಬಾವುಟಗಳ ಚಿತ್ರ ಕಳಿಸಿದರು. ಕೆಳಗೆ ಬರೆದಿದ್ದರು: "ಈ ಸಭೆಯಲ್ಲಿ ಕೂತಿರುವವಳನ್ನು ನಾನು ಇಷ್ಟಪಟ್ಟು ಆರಿಸಿದ್ದು." ಮೇಷ್ಟ್ರ ಹೆಸರು ಈಗಲೂ ರಿಪಬ್ಲಿಕನ್ ಪಟ್ಟಿಯಲ್ಲೇ ಇದೆ. ಈ ಬಾವುಟಗಳನ್ನೂ ನಿಷೇಧಿಸುವ ಮಸೂದೆ ಬಂದರೆ ಅದು ಬರುವುದು ಬೆಟ್ಟದ ಮೇಲಿನ ಕ್ಯಾಪಿಟಲ್ ಕಟ್ಟಡದಿಂದ, ಅಲ್ಲಿ ಕೂರುವವರು ಯಾರೆಂದು ಗೊತ್ತಾಗುವುದು ಜೂನಿನಲ್ಲಿ ಎನ್ನುತ್ತಾರೆ ಅವರು. ನರ್ಸ್ ಆ ಪಟ್ಟಿಗೆ ಸೇರುವುದಿಲ್ಲ ಎಂದು ಈಗಲೂ ಹೇಳುತ್ತಾರೆ.